ತಾಲೀಮು ಹೊಟ್ಟೆ

ಇಪ್ಪತ್ತೊಂದು ದಿನದ ಮಟ್ಟಿಗೆ ಒಂದು ಹೊಟ್ಟೆಯನ್ನು ಕಡ ತರಬಹುದು ಎಂದು ಹಿಂದಿನವರಿಗೆ ಯಾರಾದರೂ ಹೇಳಿದ್ದರೆ, "ಮೊದಲ ಇದ್ದ ಹೊಟ್ಟಿ ತುಂಬಿಸಪಾ, ಆಮ್ಯಾಲೆ ಕಡದ ಮಾತು" ಎಂದು ನಕ್ಕು ಕಳಿಸುತ್ತಿದ್ದರು. ಆದರೆ ಅಂಥ ಕಾಲವೂ ಬಂತು. ಗದಗಿನಿಂದ ಹುಬ್ಬಳ್ಳಿಗೆ ರೈಲು ಇಪ್ಪತ್ತು ನಿಮಿಷದಲ್ಲಿ ಮುಟ್ಟುವ ಕಾಲ. ರೊಟ್ಟಿ ಬಡಿಯುವ ಯಂತ್ರ ಖಾನಾವಳಿಗೊಂದರಂತೆ ಬಂದು ಕೂತ ಕಾಲ. ಗದಗಿನ ನೀಲಕ್ಕನ ಖಾನಾವಳಿಗೂ ಅಂಥದೊಂದು ಯಂತ್ರ ಬಂದಿತ್ತು. ಒಂದು ವಾರ ರೊಟ್ಟಿ ಮಾಡಿತು. ಗಿರಾಕಿಗಳು ತಿಂದರು, ಏನೂ ಅನ್ನಲಿಲ್ಲ. ಏನೂ ಅನ್ನದೆ ಎದ್ದು ಹೋದದ್ದೇ ನೀಲಕ್ಕನಿಗೆ ಸಾಕಾಯಿತು. ಅಂದಿನಿಂದ ಆ ಯಂತ್ರದ ಮೇಲೆ ಹಪ್ಪಳ ಒಣಗುತ್ತಿದ್ದವು.

ನೀಲಕ್ಕನ ಪೂರ್ತಿ ಹೆಸರು ನೀಲಾಂಬಿಕಾ ಹೊಸಮನಿ. ವಯಸ್ಸು ನಲವತ್ತೆಂಟು, ತೂಕ ನೂರಾ ಇಪ್ಪತ್ತಾರು ಕಿಲೊ. ಸಕ್ಕರೆ ಕಾಯಿಲೆ ಹನ್ನೊಂದು ವರ್ಷದ್ದು, ಮೊಣಕಾಲು ನೋವು ಅದಕ್ಕಿಂತ ಎರಡು ವರ್ಷ ಕಿರಿಯದು. ಆರು ವರ್ಷದಿಂದ ಆಕೆ ಒಲೆಯ ಮುಂದೆ ಕೂತಿರಲಿಲ್ಲ. ಕಾಲು ಮಡಚುತ್ತಿರಲಿಲ್ಲ, ಹೇಗೋ ಕೂತರೆ ಎಬ್ಬಿಸಲು ಮೂರು ಜನ ಬೇಕಾಗುತ್ತಿತ್ತು. ಒಲೆಯ ಜಾಗವನ್ನು ಅಡುಗೆಯ ಮೆಹಬೂಬಿಗೆ ಬಿಟ್ಟುಕೊಟ್ಟು, ಬಾಗಿಲ ಬಳಿ ಗಟ್ಟಿಮುಟ್ಟಾದ ಕಬ್ಬಿಣದ ಕುರ್ಚಿ ಮಾಡಿಸಿಕೊಂಡು ಗಲ್ಲಾದ ಮೇಲೆ ಕೂಡುತ್ತಿದ್ದಳು. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಬಂದಾಗಲೆಲ್ಲ ಆಕೆಯ ಅಂಗೈ ತನ್ನಷ್ಟಕ್ಕೆ ತಾನೇ ಗಲ್ಲಾದ ಹಲಗೆಯನ್ನು ತಟ್ಟುತ್ತಿತ್ತು. ಗಿರಾಕಿಗಳು ಅದನ್ನು ಭಜನೆ ಎಂದುಕೊಂಡಿದ್ದರು.

ಹೊಟ್ಟೆ ಕಿರಿದು ಮಾಡುವ ಶಸ್ತ್ರಚಿಕಿತ್ಸೆಯ ಮಾತು ಎತ್ತಿದಾಗ ಓಣಿಯ ಹೆಂಗಸರು, "ಈ ವಯಸ್ಸಿನ್ಯಾಗ ಯಾರಿಗೆ ಚೆಂದ ಕಾಣಬೇಕಾಗೇತಿ ನೀಲವ್ವಗ" ಎಂದು ಆಡಿಕೊಂಡರು. ಅದು ಕಿವಿಗೆ ಬಿದ್ದಾಗ ನೀಲಕ್ಕ ಸಿಟ್ಟಾಗಲಿಲ್ಲ. "ತೆಳ್ಳಗ ಆಗೂದು ಯಾರಿಗೆ ಬೇಕಾಗೇತಿ. ನನಗ ನೆಲಕ್ಕ ಕುಂಡ್ರೂದು ಬೇಕಾಗೇತಿ. ಒಲಿ ಮುಂದ ಕುಂತು ಒಂದು ರೊಟ್ಟಿ ಬಡೀಬೇಕಾಗೇತಿ" ಎಂದಳು.

ಆಕೆಯ ಗಂಡ ಗುರುಶಾಂತಪ್ಪನಿಗೆ ಬೇರೆಯದೇ ಕಾರಣವಿತ್ತು. ಆತ ಮಾತು ಕಡಿಮೆಯ ಮನುಷ್ಯ, ಪ್ರೀತಿಯನ್ನು ಪೊಟ್ಟಣದಲ್ಲಿ ಕಟ್ಟಿ ತರುವವನು: ಸಂಜೆ ತಿರುಗಾಡಲು ಹೋದರೆ ಗಿರಮಿಟ್ಟೋ ಬಿಸಿ ಮಿರ್ಚಿಯೋ ಇಲ್ಲದೆ ಬಂದವನಲ್ಲ. ಒಂದು ಬೆಳಿಗ್ಗೆ ಚಹಾ ಕುಡಿಯುತ್ತ, ಬಟ್ಟಲನ್ನೇ ನೋಡುತ್ತ ಹೇಳಿದ್ದ: "ನಿದ್ದ್ಯಾಗ ನಿನ್ನ ಉಸರು ನಿಲ್ಲತೈತಿ ನೀಲಾ. ತಿರುಗಿ ಬರೂತನಕ ನಾ ಎಣಸ್ತೀನಿ. ನಿನ್ನೆ ಇಪ್ಪತ್ತಮೂರರ ತನಕ ಬಂದಿದ್ದೆ." ನೀಲಕ್ಕ ಅಂದೇ ಹುಬ್ಬಳ್ಳಿಗೆ ಟಿಕೆಟು ತೆಗೆಸಿದಳು.

ಹುಬ್ಬಳ್ಳಿಯ ತಾಲೀಮು ಕೇಂದ್ರದಲ್ಲಿ ಆಕೆಯನ್ನು ನೋಡಿದವರು ಡಾಕ್ಟರ್ ಕಸ್ತೂರಿ ಹೊಂಬಳ. ಐವತ್ತರ ಆಸುಪಾಸಿನ, ಬೆಳ್ಳಿ ಕೂದಲಿನ, ಆತುರವಿಲ್ಲದ ಹೆಣ್ಣುಮಗಳು. ಮೇಜಿನ ಮೇಲೆ ಹುಣಸೆಬೀಜದಷ್ಟು ದೊಡ್ಡ ಗುಳಿಗೆಯೊಂದನ್ನಿಟ್ಟು ವಿವರಿಸಿದರು.

"ಮೊದಲ ಹೆಂಗಿತ್ತಂದ್ರ, ಕೊಯ್ಯೂದು ಮೊದಲ, ಕಲಿಯೂದು ಆಮ್ಯಾಲೆ. ಕೆಲವರು ಬದುಕೇ ಸಿಕ್ಕತು ಅಂದ್ರು, ಕೆಲವರು ಯಾಕರ ಮಾಡಿಸಿಕೊಂಡೆವೋ ಅಂದ್ರು. ನಾಟಕದವರು ರಂಗ ಏರೂದಕ್ಕ ಮೊದಲ ತಾಲೀಮು ಮಾಡ್ತಾರಲ್ಲ, ಹಂಗ ಹೊಟ್ಟೀಗೂ ಒಂದು ತಾಲೀಮು ಇರಲಿ ಅಂತ ಕಾನೂನು ಆತು. ಇಪ್ಪತ್ತೊಂದು ದಿನ ಸಣ್ಣ ಹೊಟ್ಟಿ ಇಟ್ಟುಕೊಂಡು ಬಾಳೇವು ಮಾಡಿ ನೋಡೂದು. ಆಮ್ಯಾಲೇ ಸಹಿ."

ಗುಳಿಗೆ ನುಂಗಿದರೆ ಅದು ಹೊಟ್ಟೆಯಲ್ಲಿ ನೆನೆದ ಹಾಳೆಯಂತೆ ಬಿಚ್ಚಿಕೊಂಡು ಒಳಗೋಡೆಗೆ ಅಂಟಿ, ನಿಂಬೆಹಣ್ಣು ಹಿಡಿಯುವಷ್ಟೇ ಜಾಗ ಉಳಿಸುತ್ತದೆ. ಅದರ ಬಾಲದಂಥ ಮೆತ್ತನೆಯ ಕೊಳವೆ ಕರುಳಿಗೆ ಇಳಿದು, ತಿಂದದ್ದನ್ನು ಒಂದಿಷ್ಟು ದೂರ ದಾಟಿಸಿ ಬಿಡುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಕರುಳಿನ ದಾರಿ ಬದಲಿಸಿದ ಹಾಗೆ. ತೋಳಿಗೆ ಅಂಟಿಸುವ ಪಟ್ಟಿಯೊಂದು, ಆ ಹೊಸ ಹೊಟ್ಟೆ ಮಿದುಳಿಗೆ ಕಳಿಸಬಹುದಾದ ಹಸಿವು-ತೃಪ್ತಿಗಳ ರಸವನ್ನು ಹನಿಹನಿಯಾಗಿ ರಕ್ತಕ್ಕೆ ಬಿಡುತ್ತದೆ. ಹೊಟ್ಟೆಗೆ ಏನು ಇಳಿದರೂ ಕೇಂದ್ರದ ಪರದೆಯ ಮೇಲೆ ಒಂದು ಚುಕ್ಕೆ ಮಿನುಗುತ್ತದೆ. ಇಪ್ಪತ್ತೊಂದನೆಯ ದಿನ ಎಲ್ಲವೂ ಕರಗಿ ಹೋಗುತ್ತದೆ.

"ಎಲ್ಲಾನೂ ಇದು ತೋರಸೂದಿಲ್ಲ ಮತ್ತ" ಎಂದರು ಡಾಕ್ಟರು. "ಕೊಯ್ದ ನೋವು ತೋರಸೂದಿಲ್ಲ. ಐದು ವರ್ಷದ ಮ್ಯಾಲೆ ಏನಾಕ್ಕತಿ ಅನ್ನೂದೂ ತೋರಸೂದಿಲ್ಲ. ಒಂದು ಮನಿ ಬಾಡಿಗಿಗೆ ಇದ್ದು ನೋಡಿದಂಗ ಅಷ್ಟ. ಮತ್ತ ನೀವು ಏನು ತಿಂದ್ರೂ ದಿನಚರಿಯೊಳಗ ಹೇಳಬೇಕು. ತಪ್ಪಬಾರದು."

"ನಾ ಸುಳ್ಳು ಹೇಳಾಕಿ ಅಲ್ರಿ" ಎಂದು ನೀಲಕ್ಕ ಗುಳಿಗೆ ನುಂಗಿದಳು.

ಮೊದಲ ನಾಲ್ಕು ದಿನ ಗಂಜಿ, ಮಜ್ಜಿಗೆ. ಐದನೆಯ ದಿನ ಅರ್ಧ ರೊಟ್ಟಿ ತಿಂದು ಕೈ ತೊಳೆದಾಗ ಗುರುಶಾಂತಪ್ಪ ಗಾಬರಿಯಾಗಿ ಮೆಹಬೂಬಿಯನ್ನು ಕೂಗಿದ.

"ಅಕ್ಕಾರ, ಸಿಟ್ಟಿಲೆ ಎದ್ರೇನು?" ಎಂದಳು ಮೆಹಬೂಬಿ.

"ಹೊಟ್ಟಿ ತುಂಬೇತಿ."

"ಅರ್ಧ ರೊಟ್ಟಿಗೆ?"

"ಹೂಂನವಾ. ಯಾರೋ ಬೀಗತಿ ಒಳಗ ಕುಂತು 'ಸಾಕ್ರಿ, ಸಾಕ್ರಿ' ಅಂತ ಕೈ ಅಡ್ಡ ಹಿಡದಂಗ ಆಕ್ಕತಿ."

ಸಂಜೆ ಗುರುಶಾಂತಪ್ಪ ತಿರುಗಾಡಲು ಹೋದವನು ಗಿರಮಿಟ್ಟಿನ ಗಾಡಿಯ ಮುಂದೆ ಬಹಳ ಹೊತ್ತು ನಿಂತ. ಮೂವತ್ತು ವರ್ಷದಿಂದ ಖಾಲಿ ಕೈಯಲ್ಲಿ ಮನೆಗೆ ಬಂದು ಅಭ್ಯಾಸವಿಲ್ಲ. ಕೊನೆಗೆ ಒಂದು ಮೊಳ ಕನಕಾಂಬರ ಕಟ್ಟಿಸಿಕೊಂಡು ಬಂದು, ಪೊಟ್ಟಣವನ್ನು ದಿನದಂತೆಯೇ ಆಕೆಯ ಮುಂದೆ ಇಟ್ಟ. ನೀಲಕ್ಕ ಬಿಚ್ಚಿ ನೋಡಿ, "ಇದಕ್ಕ ಚಟ್ನಿ ಎಲ್ಲಿ?" ಎಂದಳು. ಇಬ್ಬರೂ ಬಹಳ ದಿನಗಳ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬಳ ಹೊಟ್ಟೆ ಮಾತ್ರ ಕಡದ್ದು.

ಇತ್ತ ಹುಬ್ಬಳ್ಳಿಯ ಕೇಂದ್ರದಲ್ಲಿ ಯಾರೂ ನಗುತ್ತಿರಲಿಲ್ಲ. ಪರದೆ ಕಾಯುವ ತಂತ್ರಜ್ಞ ಪ್ರಭಂಜನ, ಮೂವತ್ತೆಂಟರ ಸಣಕಲು ಮನುಷ್ಯ, ಬಿಸ್ಕೀಟಿನ ಮೇಲೆ ದಿನ ದೂಡುವವನು, ಒಂಬತ್ತನೆಯ ದಿನ ಡಾಕ್ಟರನ್ನು ಕರೆದು ತೋರಿಸಿದ.

"ಮೇಡಂ, ಗದಗಿನ ಗುಳಿಗಿ ಕೆಟ್ಟದ. ದಿನಚರಿಯೊಳಗ ದಿನಕ್ಕ ಮೂರು ಸಲ ಊಟ ಅಂತ ಅದ. ಪರದೆಯೊಳಗ ಎಪ್ಪತ್ತೊಂದು ಚುಕ್ಕಿ. ಮನುಷ್ಯರು ಯಾರರ ದಿನಕ್ಕ ಎಪ್ಪತ್ತೊಂದು ಸಲ ತಿಂತಾರೇನು?"

"ಕೇಳಿ ನೋಡ್ರಿ."

ಪ್ರಭಂಜನ ಫೋನು ಮಾಡಿದ. "ಅಕ್ಕಾರ, ಈಗ ಹತ್ತು ನಿಮಿಷದಾಗ ಏನರ ತಿಂದ್ರೇನು?"

"ಇಲ್ಲಪ್ಪಾ. ಮುಂಜಾನೆ ಅರ್ಧ ಇಡ್ಲಿ ತಿಂದಿದ್ದು. ಅದನ್ನ ಹೇಳೀನಲ್ಲ."

"ನೆನಪು ಮಾಡ್ಕೋರಿ. ಒಂದು ಸಣ್ಣ ತುಂಡರ..."

"ಅಯ್ಯ, ನಮ್ಮ ಮನಿದೇವರ ಆಣಿ ಮಾಡ್ಲೇನು? ಇಲ್ಲ ಅಂದ್ರ ಇಲ್ಲ."

ಆಕೆ ಸುಳ್ಳು ಹೇಳುತ್ತಿರಲಿಲ್ಲ. ಆದರೂ ಪ್ರಭಂಜನ ನಿಯಮವನ್ನು ಓದಿ ಹೇಳಿದ: ಗುಳಿಗೆ ಕೆಟ್ಟಿದ್ದರೆ ತಾಲೀಮು ರದ್ದು, ಮತ್ತೆ ಸರದಿಯ ಕೊನೆಗೆ ನಿಲ್ಲಬೇಕು, ಎಂಟು ತಿಂಗಳು ಕಾಯಬೇಕು. ನೀಲಕ್ಕ ಫೋನು ಕೆಳಗಿಟ್ಟು ತನ್ನ ಮೊಣಕಾಲನ್ನು ಸವರಿಕೊಂಡಳು. ಒಂಬತ್ತು ದಿನಕ್ಕೇ ಅದು ಸ್ವಲ್ಪ ಮಾತು ಕೇಳತೊಡಗಿತ್ತು.

ಹನ್ನೊಂದನೆಯ ದಿನ ಒಂದು ಮದುವೆಯ ಮನೆಯಿಂದ ಮುನ್ನೂರು ಹೋಳಿಗೆ ಹೇಳಿದ್ದರು. ಹೂರಣ ರುಬ್ಬುತ್ತಿದ್ದಂತೆ ಮೆಹಬೂಬಿ ಬಂದು, "ಅಕ್ಕಾರ, ನೋಡ್ರಿ" ಎಂದು ಅಂಗೈಗೆ ಒಂದು ಉಂಡೆ ಹಾಕಿದಳು. ಬೆಲ್ಲ ಸಾಲದೆಂದು ಇನ್ನೊಮ್ಮೆ. ಏಲಕ್ಕಿ ಹಾಕಿದ ಮೇಲೆ ಮತ್ತೊಮ್ಮೆ. ಎರಡನೆಯ ಪಾತ್ರೆಯದು ಇನ್ನೆರಡು ಸಲ. ಅರ್ಧ ತಾಸಿನಲ್ಲಿ ನೀಲಕ್ಕನ ಹಣೆಯಲ್ಲಿ ಬೆವರು ಕಿತ್ತುಕೊಂಡಿತು; ಎದೆ ಡೊಳ್ಳಿನಂತೆ ಹೊಡೆದುಕೊಂಡಿತು; ಕೈಕಾಲು ಹಿಟ್ಟಾದವು. ಕಬ್ಬಿಣದ ಕುರ್ಚಿಯಲ್ಲಿ ಒರಗಿ ಕಣ್ಣು ಮುಚ್ಚಿದಳು. ಮೆಹಬೂಬಿ ಗಾಳಿ ಹಾಕುತ್ತ ಅತ್ತಳು. ಗುರುಶಾಂತಪ್ಪ ಏನನ್ನೋ ಎಣಿಸತೊಡಗಿದ.

ಮುಕ್ಕಾಲು ತಾಸಿಗೆ ಎಲ್ಲ ಇಳಿಯಿತು. ಅಷ್ಟರಲ್ಲಿ ಹುಬ್ಬಳ್ಳಿಯಲ್ಲಿ ಗಂಟೆ ಹೊಡೆದು, ಮುಂದಿನ ರೈಲಿಗೆ ಡಾಕ್ಟರ್ ಕಸ್ತೂರಿ, ಪ್ರಭಂಜನ ಇಬ್ಬರೂ ಖಾನಾವಳಿಯ ಬಾಗಿಲಲ್ಲಿ ನಿಂತಿದ್ದರು. ಡಾಕ್ಟರು ನಾಡಿ ನೋಡಿದರು, ಅಪಾಯವಿಲ್ಲ ಎಂದರು. "ಸಿಹಿ ಗಡಬಡಿಸಿ ಕರುಳಿಗೆ ಇಳದ್ರ ಹಿಂಗ ಆಕ್ಕತಿ. ಶಸ್ತ್ರಚಿಕಿತ್ಸಾ ಆದವರಿಗೂ ಇದ ಕಾಟ. ಹಂಗಾರ ಗುಳಿಗಿ ಕೆಟ್ಟಿಲ್ಲ ಪ್ರಭಂಜನ. ಅದು ಖರೇ ಹೇಳಾಕತ್ತೇತಿ."

"ಹಂಗಾರ ನಾನ ಸುಳ್ಳಿ ಅಂದಂಗಾತು" ಎಂದಳು ನೀಲಕ್ಕ, ದನಿಯಲ್ಲಿ ನೋವು.

"ನೀವೂ ಖರೇನ ಹೇಳಾಕತ್ತೀರಿ. ಅದಕ್ಕ ನಾಳೆ ನಾ ಇಲ್ಲೇ ಕುಂತು ನೋಡ್ತೀನಿ."

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಡಾಕ್ಟರು ಪ್ರಭಂಜನನ ಜೊತೆ ಮತ್ತೆ ಬಂದು ಗಲ್ಲಾದ ಪಕ್ಕದ ಬಾಕಿನ ಮೇಲೆ ಕೂತರು. ಒಂದು ಕೈಯಲ್ಲಿ ಹುರಿದ ಶೇಂಗಾ, ಮುಂದೆ ಖಾಲಿ ಸ್ಟೀಲಿನ ಬಟ್ಟಲು. ಖಾನಾವಳಿಗೆ ಒಂದು ಕಟ್ಟಳೆಯಿತ್ತು, ಇಪ್ಪತ್ತಾರು ವರ್ಷದ ಹಿಂದೆ ಅತ್ತೆಯಿಂದ ನೀಲಕ್ಕನಿಗೆ ಬಂದದ್ದು: ಮನೆಯೊಡತಿಯ ಅಂಗೈಗೆ ಬೀಳದೆ ಯಾವ ಪಾತ್ರೆಯೂ ಒಲೆಯಿಂದ ಇಳಿಯಬಾರದು. ಎಂಟು ಜನ ಹೆಂಗಸರು, ಹದಿನಾಲ್ಕು ಬಗೆಯ ಅಡುಗೆ. ಒಬ್ಬೊಬ್ಬರೂ ಬಂದು "ಅಕ್ಕಾರ, ನೋಡ್ರಿ" ಎನ್ನುವರು. ನೀಲಕ್ಕ ಗಿರಾಕಿಯ ಜೊತೆ ಮಾತಾಡುತ್ತಲೇ ಅಂಗೈ ಚಾಚುವಳು. ನೆಕ್ಕಿ, "ಉಪ್ಪು ಚೂರು" ಎಂದೋ "ಇನ್ನೊಂದು ಕುದಿ" ಎಂದೋ ಹೇಳುವಳು. ಸರಿಪಡಿಸಿಕೊಂಡು ಮತ್ತೆ ಬರುವರು. ಪ್ರತಿ ಸಲವೂ ಡಾಕ್ಟರು ಬಟ್ಟಲಿಗೆ ಒಂದು ಶೇಂಗಾ ಹಾಕುವರು. ಟಣ್.

ಹನ್ನೆರಡಕ್ಕೆ ಬಟ್ಟಲನ್ನು ನೀಲಕ್ಕನ ಮುಂದಿಟ್ಟರು. "ಎಣಸ್ರಿ."

ಐವತ್ತೆರಡು ಇದ್ದವು.

"ಇವು ಏನು?"

"ಇಷ್ಟು ಸಲ ನಿಮ್ಮ ಕೈ ಬಾಯಿಗೆ ಹೋತು."

ನೀಲಕ್ಕ ಬಟ್ಟಲನ್ನೂ ಡಾಕ್ಟರನ್ನೂ ನೋಡಿದಳು. ಆಮೇಲೆ ಮಗುವಿಗೆ ತಿಳಿಹೇಳುವ ದನಿಯಲ್ಲಿ, "ಅದು ರುಚಿ ನೋಡೂದ್ರಿ, ಡಾಕ್ಟರ. ತಿನ್ನೂದಲ್ಲ" ಎಂದಳು.

ಅಡುಗೆಮನೆಯ ಎಂಟೂ ಹೆಂಗಸರು ಹೌದೆಂದು ತಲೆಯಾಡಿಸಿದರು. ಇಷ್ಟು ಓದಿದವರಿಗೆ ಇದೂ ಗೊತ್ತಿಲ್ಲವೇ ಎಂಬಂತೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಟ್ಟೆಯ ಮುಂದೆ ಕೂತು ತಿಂದರೆ ಊಟ. ಕೂಡದೆ ನೆಕ್ಕಿದ್ದು ಕೆಲಸ. ಅದಕ್ಕೆ ಲೆಕ್ಕ ಯಾರು ಇಟ್ಟಾರು?

ಡಾಕ್ಟರು ನಗಲಿಲ್ಲ. ಒಂದು ತಕ್ಕಡಿ ತರಿಸಿ, ಎಣ್ಣೆಗಾಯಿಯ ರಸ, ಶೇಂಗಾ ಚಟ್ನಿ, ಝುಣಕ, ಹೂರಣ, ಬೆಣ್ಣೆ ಎಲ್ಲವನ್ನೂ ನೀಲಕ್ಕ ಅಂಗೈಗೆ ಹಾಕಿಸಿಕೊಳ್ಳುವ ಅಳತೆಯಲ್ಲೇ ತೆಗೆದು ಒಂದು ಗಂಗಾಳಕ್ಕೆ ಹಾಕಿಸಿದರು. ಗಂಗಾಳ ತುಂಬಿತು. ಇಬ್ಬರು ಗಂಡಾಳುಗಳ ಊಟ.

"ಇಪ್ಪತ್ತಾರು ವರ್ಷದಿಂದ ದಿನಾ ಇದನ್ನ ಉಂಡೀರಿ" ಎಂದರು ಡಾಕ್ಟರು ಮೆತ್ತಗೆ, "ಮತ್ತ ಅದರ ಮ್ಯಾಲೆ ಊಟಾನೂ ಮಾಡೀರಿ."

ನೀಲಕ್ಕ ಗಂಗಾಳವನ್ನು ಹತ್ತಿರ ಎಳೆದುಕೊಂಡು ನೋಡಿದಳು. ಆಮೇಲೆ ನೀಲಕ್ಕನ ಹೊಟ್ಟೆ ಕುಲುಕತೊಡಗಿತು. "ನಮ್ಮತ್ತಿನೂ ಹಿಂಗ ಇದ್ದರಲ್ಲ" ಎಂದಳು, "ಗಾಳಿ ತಿಂದು ದಪ್ಪಾಗೀನಿ ಅಂತಿದ್ರು ಪಾಪ." ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಇಷ್ಟು ವರ್ಷ ತನ್ನ ಮೈಯನ್ನು ತಾನು ಅರ್ಥವಾಗದ ಶಾಪದಂತೆ ಹೊತ್ತಿದ್ದಳು. ಉಪವಾಸ ಮಾಡಿದ್ದಳು, ಏನೂ ಆಗಿರಲಿಲ್ಲ. ಇವತ್ತು ಆ ಶಾಪ ಗಂಗಾಳದಲ್ಲಿ ಕಣ್ಣಿಗೆ ಕಾಣುವಂತೆ ಕೂತಿತ್ತು. ಆ ನಗುವಿನ ನಡುವೆ ಯಾರೂ ಗಮನಿಸದಂತೆ ಪ್ರಭಂಜನ ಮೂರನೆಯ ರೊಟ್ಟಿಗೆ ಕೈ ಹಾಕಿದ್ದ.

"ಏನಪ್ಪಾ, ಊಟ ಆತೇನು?" ಎಂದಳು ಮೆಹಬೂಬಿ.

"ಇಲ್ಲ ವೈನಿ, ಸುಮ್ನ ರುಚಿ ನೋಡ್ಲಿಕ್ಕತ್ತೇನಿ" ಎಂದ ಪ್ರಭಂಜನ.

ನಕ್ಕದ್ದೇನೋ ಆಯಿತು. ಉಳಿದ ದಿನ ಹೇಗೆ? ಡಾಕ್ಟರು ಹೇಳಿ ಹೋಗಿದ್ದರು: ಈ ಅಂಗೈ ಚಾಚುವುದು ನಿಲ್ಲದಿದ್ದರೆ ಶಸ್ತ್ರಚಿಕಿತ್ಸೆ ಮಾಡಿಯೂ ಪ್ರಯೋಜನವಿಲ್ಲ. ಸಣ್ಣ ಹೊಟ್ಟೆಯನ್ನು ತಟ್ಟೆಯಿಂದ ಯಾರೂ ಗೆಲ್ಲಲಾರರು. ನೆಕ್ಕಿ ನೆಕ್ಕಿ ಗೆಲ್ಲಬಹುದು. ಹಾಗಾಗಿ ನೀಲಕ್ಕ ಹೊಸ ರೀತಿ ಹಿಡಿದಳು. ಬಿಸಿನೀರಿನಲ್ಲಿ ಬಾಯಿ ಮುಕ್ಕಳಿಸಿ, ನಾಲಿಗೆಯ ತುದಿಗೆ ಒಂದು ಹನಿ ಮುಟ್ಟಿಸಿ ಉಗುಳುವುದು. ಎರಡು ದಿನ ಚೆನ್ನಾಗಿಯೇ ನಡೆಯಿತು. ಹದಿನಾಲ್ಕನೆಯ ದಿನ ನಿವೃತ್ತ ಶಿಕ್ಷಕ ಹಿರೇಗೌಡರ ಮಾಸ್ತರು, ಇಪ್ಪತ್ತು ವರ್ಷದ ಗಿರಾಕಿ, ಎಣ್ಣೆಗಾಯಿಯ ಬಟ್ಟಲು ಹಿಡಿದು ಗಲ್ಲಾದ ಬಳಿ ಬಂದರು.

"ನೀಲವ್ವಾ, ಬದನಿಕಾಯಿ ಇವತ್ತು ಯಾಕೋ ಮುನಿಸಿಕೊಂಡೇತಿ."

ನೀಲಕ್ಕ ಹನಿ ಮುಟ್ಟಿಸಿ ನೋಡಿದಳು. "ಸರಿ ಐತಲ್ರಿ. ಬೆಲ್ಲ ಹೆಚ್ಚಾಗಿತ್ತು ಅಂತ ನಾನ ಕಡಿಮಿ ಮಾಡ್ಸೀನಿ."

"ಹೆಚ್ಚಾಗಿರಲಿಲ್ಲ ತಂಗಿ" ಎಂದರು ಮಾಸ್ತರು. ಬೈದಿದ್ದರೆ ಸಹಿಸಬಹುದಿತ್ತು. ಅವರು ಮೆತ್ತಗೆ ಹೇಳಿ, ಬಟ್ಟಲು ಇಟ್ಟು, ಮಜ್ಜಿಗೆ ಅನ್ನ ಉಂಡು ಹೋದರು.

ಕೇಂದ್ರಕ್ಕೆ ಫೋನು ಮಾಡಿದಾಗ ಡಾಕ್ಟರು ಮುಚ್ಚಿಡಲಿಲ್ಲ. ಹೊಟ್ಟೆ ಕಿರಿದಾದವರಲ್ಲಿ ಕೆಲವರ ನಾಲಿಗೆ ಬದಲಾಗುತ್ತದೆ; ಸಿಹಿ ಹೆಚ್ಚೆನಿಸುತ್ತದೆ, ಕೆಲವು ವಾಸನೆ ಒಲ್ಲೆನಿಸುತ್ತವೆ. ಕೆಲವರಿಗೆ ಹಿಂದಿರುಗುತ್ತದೆ, ಕೆಲವರಿಗೆ ಇಲ್ಲ. ಯಾರಿಗೆ ಹೇಗೆಂದು ಮೊದಲೇ ಹೇಳಲು ಬಾರದು.

ಖಾನಾವಳಿ ಎಂದರೆ ನೀಲಕ್ಕನ ನಾಲಿಗೆ. ಗೋಡೆ, ಬಾಕು, ಹೆಸರಿನ ಹಲಗೆ ಎಲ್ಲವೂ ಆಮೇಲಿನ ಮಾತು. ಈಗ ತಕ್ಕಡಿಯ ಒಂದು ಪರಡಿಯಲ್ಲಿ ಮೊಣಕಾಲು, ಉಸಿರು, ಸಕ್ಕರೆ, ಇನ್ನೊಂದರಲ್ಲಿ ನಾಲಿಗೆ. ಯಾವುದನ್ನು ಇಳಿಸುವುದು? ನೀಲಕ್ಕ ಆ ದಿನ ಗಲ್ಲಾದ ಹಲಗೆಯನ್ನು ತಟ್ಟಲಿಲ್ಲ.

ಮಧ್ಯಾಹ್ನದ ಗಲಾಟೆ ಮುಗಿದ ಮೇಲೆ ಮೆಹಬೂಬಿ ಬಂದು ಎದುರಿಗೆ ಕೂತಳು. ಹತ್ತೊಂಬತ್ತು ವರ್ಷದಿಂದ ಇದೇ ಅಡುಗೆಮನೆ. "ಮುಂಜಾನೆ ಬೆಲ್ಲ ತಗೀ ಅಂದ್ರಿ. ತಗದೆ. ತಗೀಬಾರದಿತ್ತು ಅಂತ ನನಗ ಗೊತ್ತಿತ್ತು."

"ಗೊತ್ತಿದ್ರ ಬಾಯಿ ಯಾಕ ಬಿಡಲಿಲ್ಲ?"

"ನೀವು ಹೇಳಿದ ಮ್ಯಾಲೆ ನಾ ಹೆಂಗ ಬಾಯಿ ಹಾಕ್ಲಿ? ಅಕ್ಕಾರ, ನೀವು ಅಂಗೈ ನೆಕ್ಕಿ 'ಉಪ್ಪು ಚೂರು' ಅಂದ ದಿನಾನೂ ನಾ ವಾಪಸ್ ಹೋಗಿ, ಮೊದಲಿಂದೊಂದು ಹನಿ, ಆಮ್ಯಾಲಿಂದೊಂದು ಹನಿ ನೆಕ್ಕಿ ನೋಡೀನಿ, ಯಾಕ ಅಂದಿರಬೇಕು ಅಂತ. ಹತ್ತೊಂಬತ್ತು ವರ್ಷ. ನಿಮ್ಮ ನಾಲಿಗಿ ನನ್ನ ಬಾಯಾಗೂ ಐತಿ."

ನೀಲಕ್ಕ ಆಕೆಯನ್ನು ಮೇಲಿಂದ ಕೆಳಗೆ ನೋಡಿದಳು. "ಅದಕ್ಕ ನೀನೂ ಎಂಬತ್ತು ಕಿಲೊ ಆಗೀಯೇನು?"

"ಎಂಬತ್ತನಾಕು" ಎಂದಳು ಮೆಹಬೂಬಿ ತಲೆ ತಗ್ಗಿಸಿ.

ಮರುದಿನದಿಂದ ಒಂದು ಪರೀಕ್ಷೆ ನಡೆಯಿತು. ಬೇಕೆಂದೇ ಐದು ಬಟ್ಟಲು ಎಣ್ಣೆಗಾಯಿ ಮಾಡಿಸಿದರು: ಒಂದಕ್ಕೆ ಹುಳಿ ಕಡಿಮೆ, ಒಂದಕ್ಕೆ ಗುರೆಳ್ಳು ಹೆಚ್ಚು ಹುರಿದದ್ದು, ಹೀಗೆ. ಮೆಹಬೂಬಿ ಕಣ್ಣು ಮುಚ್ಚಿ ರುಚಿ ನೋಡಿ ಹೇಳಬೇಕು. ತೀರ್ಪುಗಾರರು ಹಿರೇಗೌಡರ ಮಾಸ್ತರು. ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದರು. ಮೆಹಬೂಬಿ ನಾಲ್ಕನ್ನು ಹೇಳಿದಳು. ಐದನೆಯದರಲ್ಲಿ ತಡವರಿಸಿದಳು. "ಇದರಾಗ ಏನೂ ತಪ್ಪಿಲ್ಲ, ಆದ್ರ ಯಾಕೋ ಬ್ಯಾಸರ ಆಗಿ ಮಾಡೀರಿ" ಎಂದಳು. ಅದು ನೀಲಕ್ಕ ತಾನೇ ನಿಂತು ಮಾಡಿದ ಬಟ್ಟಲಾಗಿತ್ತು. ಮಾಸ್ತರು ನೂರಕ್ಕೆ ನೂರಾ ಹತ್ತು ಕೊಟ್ಟರು.

ಮೆಹಬೂಬಿಯ ಎಂಬತ್ತನಾಲ್ಕು ತೊಂಬತ್ತಾಗಬಾರದೆಂದು ಆಕೆಗೂ ಹನಿಯ ಕಟ್ಟಳೆ ಬಂತು. ಉಳಿದ ಹೆಂಗಸರು ಒಂದೊಂದು ದಿನ ಸರದಿಯ ಮೇಲೆ ಆಕೆಯ ಜೊತೆ ನಾಲಿಗೆ ಕಲಿಯತೊಡಗಿದರು. ನೀಲಕ್ಕ ಕುರ್ಚಿಯಲ್ಲಿ ಕೂತು ವಾಸನೆಯ ಮೇಲೆ ಹೇಳುವಳು, "ಜೀರಿಗಿ ಇನ್ನೂ ಹಸಿ ಐತಿ ನೋಡ್ರೆ." ಅದು ತಪ್ಪುತ್ತಿರಲಿಲ್ಲ. ಮೂಗು ಆಕೆಯನ್ನು ಬಿಟ್ಟು ಹೋಗಿರಲಿಲ್ಲ.

ಇಪ್ಪತ್ತನೆಯ ದಿನ ಹುಬ್ಬಳ್ಳಿಯಲ್ಲಿ ಕೊನೆಯ ಮಾತುಕತೆ. ಗುರುಶಾಂತಪ್ಪನೂ ಬಂದಿದ್ದ. ತೂಕ ಎಂಟು ಕಿಲೊ ಇಳಿದಿತ್ತು. ಬರಿ ಹೊಟ್ಟೆಯ ಸಕ್ಕರೆ ಇನ್ನೂರಾ ಹತ್ತರಿಂದ ನೂರಾ ಮೂವತ್ತಕ್ಕೆ ಬಂದಿತ್ತು. ಡಾಕ್ಟರು ನಡುವೆ ಗೆರೆ ಎಳೆದ ಹಾಳೆಯೊಂದನ್ನು ಕೊಟ್ಟರು: ಒಂದು ಕಡೆ ಕೈಗೆ ಬರುವುದು, ಇನ್ನೊಂದು ಕಡೆ ಕೈಬಿಟ್ಟು ಹೋಗುವುದು; ತುಂಬಬೇಕಾದವಳು ನೀಲಕ್ಕನೇ.

"ಸಾಯ್ತಾರೇನ್ರಿ ಇದರಾಗ?" ಎಂದು ನೀಲಕ್ಕ ನೇರವಾಗಿ ಕೇಳಿದಳು.

"ಸಾವಿರಕ್ಕ ಒಬ್ಬರೋ ಇಬ್ಬರೋ. ಹೊಲಿಗಿ ಸೋರಿ ಮತ್ತ ಕೊಯ್ಯೂದೂ ಅಪರೂಪಕ್ಕ ಬರತೈತಿ. ಸಾಯೂತನಕ ಜೀವಸತ್ವದ ಗುಳಿಗಿ ತಪ್ಪಸಾಂಗಿಲ್ಲ, ತಪ್ಪಿಸಿದ್ರ ರಕ್ತ, ಎಲುಬು ಎರಡೂ ಸವೀತಾವು. ಆರು ತಿಂಗಳು ಕೂದಲಾ ಉದರತಾವು. ತೊಗಲು ಜೋತು ಬೀಳತೈತಿ. ಐದಾರು ವರ್ಷಕ್ಕ ಒಂದಿಷ್ಟು ತೂಕ ತಿರುಗಿ ಬರಬಹುದು. ಮತ್ತ ಇದೊಂದ ದಾರಿ ಅಲ್ಲ. ಸೂಜಿ ಮದ್ದು ಐತಿ, ನಿಧಾನ, ಆದ್ರ ಕೊಯ್ಯೂದಿಲ್ಲ. ನಿಮ್ಮ ಆ ಐವತ್ತೆರಡು ಶೇಂಗಾ ನಿಲ್ಲಿಸಿದ್ರನ ಸಾಕಷ್ಟು ಇಳೀಬಹುದು. ಯಾವುದು ಆರಿಸಿದ್ರೂ ನಾ ನಿಮ್ಮ ಕೂಡ ಇರ್ತೀನಿ."

ನೀಲಕ್ಕ ಹಾಳೆ ಮಡಚಿ ಸೆರಗಿಗೆ ಗಂಟು ಹಾಕಿಕೊಂಡಳು. ರೈಲಿನಲ್ಲಿ ಗಂಡನನ್ನು ಕೇಳಿದಳು, "ನೀವೇನಂತೀರಿ?"

ಗುರುಶಾಂತಪ್ಪ ಕಿಟಕಿಯ ಆಚೆ ನೋಡುತ್ತಿದ್ದ. ಹತ್ತಿಯ ಹೊಲಗಳು ಬಿಳಿ ಗೆರೆಯಾಗಿ ಓಡುತ್ತಿದ್ದವು. "ಸಾವಿರಕ್ಕ ಒಬ್ಬರು ಅಂದಿದ್ದಕ್ಕ ಅಂಜಿಕಿ ಬಂತು" ಎಂದ. ಆಮೇಲೆ ಆಕೆಯ ಕಡೆ ತಿರುಗಿ, "ಹೋದ ವಾರ ಐದಕ್ಕಿಂತ ಮ್ಯಾಲೆ ಎಣಿಸೇ ಇಲ್ಲ. ಎಣಸೂದರಾಗ ನನಗ ನಿದ್ದಿ ಹತ್ತತೈತಿ. ಆದ್ರ ಹೊಟ್ಟಿ ನಿಂದು, ನೀಲಾ."

ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ತೋಳಿನ ಪಟ್ಟಿ ಒಣ ಎಲೆಯಂತೆ ತಾನೇ ಉದುರಿತು. ಹನ್ನೊಂದರ ಹೊತ್ತಿಗೆ ಹೊಟ್ಟೆಯ ಒಳಗೆ ಮರೆತುಹೋದದ್ದೊಂದು ಮಿಸುಕಿತು. ನೀಲಕ್ಕ ಕುರ್ಚಿಯಲ್ಲಿ ನೆಟ್ಟಗಾದಳು. ಹಸಿವು. ಊರಿಗೆ ಹೋದ ಗೆಳತಿ ತಲೆಬಾಗಿಲಲ್ಲಿ ನಿಂತು ಹೆಸರು ಹಿಡಿದು ಕರೆದ ಹಾಗಿತ್ತು. ಒಗ್ಗರಣೆಯ ಚಟಪಟ, ಸುಡುವ ಹಂಚಿನ ವಾಸನೆ ಎಲ್ಲವೂ ಒಮ್ಮೆಲೇ ಮೈಗೆ ತಾಗಿದವು. ಬಾಯಲ್ಲಿ ನೀರೂರಿತು. ಇದನ್ನು ಬಿಟ್ಟು ಬದುಕಲು ಆದೀತೇ ಎಂದು ಆಕೆಗೆ ನಿಜಕ್ಕೂ ಅನ್ನಿಸಿತು. ಹಾಗೆ ಅನ್ನಿಸಿದ್ದನ್ನು ಆಕೆ ಆಮೇಲೆ ಎಂದೂ ಮುಚ್ಚಿಡಲಿಲ್ಲ.

ತಟ್ಟೆ ಹಾಕಿಸಿಕೊಂಡು ಊಟಕ್ಕೆ ಕೂತಳು. ಎರಡು ಬಿಸಿ ರೊಟ್ಟಿ, ಎಣ್ಣೆಗಾಯಿ, ಕೆನೆಮೊಸರು, ಹಸಿ ಉಳ್ಳಾಗಡ್ಡಿ. ನಿಧಾನವಾಗಿ, ಒಂದೊಂದು ತುತ್ತಿಗೂ ಹೆಸರಿಟ್ಟವರ ಹಾಗೆ ಉಂಡಳು. ಎಣ್ಣೆಗಾಯಿಯ ಬೆಲ್ಲ ಮತ್ತೆ ತನ್ನ ಜಾಗದಲ್ಲಿ ಕೂತಿತ್ತು. ಮಾಸ್ತರು ಹೇಳಿದ್ದು ಸರಿ, ಅಂದು ಕಡಿಮೆಯಾಗಿತ್ತು. ಮೆಹಬೂಬಿ ಹೇಳಿದ್ದೂ ಸರಿ.

ಅಷ್ಟರಲ್ಲಿ ಅಡುಗೆಮನೆಯ ಹೊಸ ಹೆಂಗಸು ಪುಂಡಿಪಲ್ಯದ ಸೌಟು ಹಿಡಿದು ಓಡಿ ಬಂದಳು. "ಅಕ್ಕಾರ, ನೋಡ್ರಿ."

ನೀಲಕ್ಕನ ಅಂಗೈ ಚಾಚಿಕೊಂಡೇ ಬಿಟ್ಟಿತು. ಇಪ್ಪತ್ತಾರು ವರ್ಷದ ಅಂಗೈ, ಅದರ ತಪ್ಪಲ್ಲ. ಸೌಟು ಬಾಗಿತು. ನೀಲಕ್ಕ ತನ್ನ ಅಂಗೈಯನ್ನು ಒಂದು ಗಳಿಗೆ ನೋಡಿ, ಮೆಲ್ಲಗೆ ಮುಚ್ಚಿದಳು. ಪಕ್ಕದಲ್ಲಿ ನಿಂತಿದ್ದ ಮೆಹಬೂಬಿಯ ಕೈ ಹಿಡಿದೆಳೆದು, ಬಿಡಿಸಿ, ಸೌಟಿನ ಕೆಳಗೆ ಹಿಡಿದಳು.

"ಇನ್ನ ಮುಂದ ಈಕಿಗೆ ತೋರಸ್ರಿ" ಎಂದಳು. "ನೀ ಹೇಳ ಮೆಹಬೂಬಿ, ಬಾಯಿ ಬಿಟ್ಟು ಹೇಳ."

ಮೆಹಬೂಬಿ ಒಂದು ಹನಿ ಮುಟ್ಟಿಸಿಕೊಂಡಳು. ಇಡೀ ಅಡುಗೆಮನೆ ಕಾಯಿತು. "ಇನ್ನೊಂದು ಕುದಿ" ಎಂದಳು.

ನೀಲಕ್ಕ ಕೈ ತೊಳೆದು ಬಂದು ಫೋನು ಎತ್ತಿದಳು. "ಡಾಕ್ಟರ, ಹಾಳಿ ತುಂಬಿಸೀನ್ರಿ. ಹೋಗೂ ಕಡೆ ಬಹಳ ಬರದೀನಿ. ಬರೂ ಕಡೆ ಒಂದ ಬರದೀನಿ. ತಾರೀಖು ಕೊಡ್ರಿ."

ಶಸ್ತ್ರಚಿಕಿತ್ಸೆ ಸುಸೂತ್ರವಾಯಿತು. ಆಮೇಲಿನದು ಅಷ್ಟು ಸುಸೂತ್ರವಿರಲಿಲ್ಲ ಎಂಬುದನ್ನೂ ಹೇಳಬೇಕು. ಮೊದಲ ತಿಂಗಳು ನೀರು ಕುಡಿದರೂ ವಾಂತಿ. ನಾಲ್ಕನೆಯ ತಿಂಗಳು ಬಾಚಣಿಗೆಯ ತುಂಬ ಕೂದಲು. ಗುರುಶಾಂತಪ್ಪ ತಂದ ಕನಕಾಂಬರ ನಿಲ್ಲಲು ಜಾಗವಿಲ್ಲದೆ ಕಿವಿಯ ಹಿಂದೆ ಸಿಕ್ಕಿಸಿಕೊಳ್ಳಬೇಕಾಯಿತು. ತೋಳಿನ ತೊಗಲು ಖಾಲಿ ಚೀಲದಂತೆ ಜೋತಿತು. "ಜ್ವಾಳ ಖಾಲಿ ಆಗೇತಿ, ಚೀಲ ಉಳದೈತಿ" ಎಂದು ಆಕೆಯೇ ನಗಾಡುತ್ತಿದ್ದಳು. ಹೋಳಿಗೆ ಎರಡು ತುತ್ತಿಗಿಂತ ಮೇಲೆ ಇನ್ನಿಲ್ಲ. ನಾಲಿಗೆ ಮುಕ್ಕಾಲು ಪಾಲು ತಿರುಗಿ ಬಂತು, ಕಾಲು ಪಾಲು ಬರಲಿಲ್ಲ.

ಒಂದೂವರೆ ವರ್ಷದ ಮೇಲೆ ಪ್ರಭಂಜನ ಗದಗಿಗೆ ಬಂದ. ತಪಾಸಣೆಗೆ ಬಂದೆ ಎಂದ. ಆದರೆ ಸರಿಯಾಗಿ ಹನ್ನೆರಡೂವರೆಗೆ ಬಂದಿದ್ದ. ಗಲ್ಲಾದ ಕಬ್ಬಿಣದ ಕುರ್ಚಿಯಲ್ಲಿ ಗುರುಶಾಂತಪ್ಪ ಕೂತಿದ್ದ, ಅದರೊಳಗೆ ಅರ್ಧ ಕಳೆದುಹೋಗಿದ್ದ. ಮೆಹಬೂಬಿ ಬಾಗಿಲಲ್ಲಿ ನಿಂತು ಅಂಗೈ ಚಾಚಿ, "ಉಪ್ಪು ಚೂರು" ಎನ್ನುತ್ತಿದ್ದಳು. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. ಒಂದೇ ಲಯ, ಎಲ್ಲೂ ತಡೆಯಿಲ್ಲ.

ಪ್ರಭಂಜನ ಇಣುಕಿದ. ಒಲೆಯ ಮುಂದೆ ಗಿಡ್ಡ ಮಣೆಯ ಮೇಲೆ, ಒಂದು ಕಾಲು ಮಡಚಿ ಒಂದು ಕಾಲು ಚಾಚಿ ನೀಲಕ್ಕ ಕೂತಿದ್ದಳು. ಮುಖದಲ್ಲಿ ಬೆಂಕಿಯ ಕೆಂಪು, ಮೊಣಕೈತನಕ ಹಿಟ್ಟು.

"ಬಾರಪ್ಪಾ. ಊಟ ಆಗೇತೇನು?"

"ಆಗೇದ ಅಕ್ಕಾರ. ಸುಮ್ನ ರುಚಿ ನೋಡಿ ಹೋಗ್ತೇನಿ."

ನೀಲಕ್ಕ ಹಂಚಿನ ಮೇಲಿಂದ ಉಬ್ಬಿದ ರೊಟ್ಟಿಯನ್ನು ಎತ್ತಿ ಅವನ ತಟ್ಟೆಗೆ ಹಾಕಿದಳು. ಆಮೇಲೆ ಪಕ್ಕದ ಗೂಡಿನಿಂದ ಒಂದು ಸ್ಟೀಲಿನ ಬಟ್ಟಲು ತೆಗೆದು ಅವನ ಮುಂದಿಟ್ಟು, ಮಡಿಲಿನಿಂದ ಒಂದು ಶೇಂಗಾ ತೆಗೆದು ಅದರೊಳಗೆ ಹಾಕಿದಳು.

ಟಣ್.

"ಒಂದು" ಎಂದು, ಮುಂದಿನ ಉಂಡೆಯನ್ನು ಬಡಿಯತೊಡಗಿದಳು.